ಕಡಲಿಗಿಳಿಯುವ ಕೊಡೆ

ಪ್ಯಾರಾಶೂಟಿನಿಂದ ಇಳಿಯುವ ಯೋಧನ ಅಪಾಯವೆಲ್ಲ ಮೇಲ್ಗಡೆಯಲ್ಲಿ, ಎಂದರೆ ವಿಮಾನದ ಬಾಗಿಲಿನಲ್ಲಿಯೂ ಅರಳದೆ ಉಳಿಯಬಹುದಾದ ಬಟ್ಟೆಯಲ್ಲಿಯೂ ಇರುತ್ತದೆಂದೂ, ಕೆಳಗೆ ಕಲ್ಲುನೆಲಕ್ಕೆ ಬದಲಾಗಿ ಕಡಲಿದ್ದರೆ ಅವನ ಕಷ್ಟ ಅಷ್ಟರಮಟ್ಟಿಗೆ ಹಗುರವಾಯಿತೆಂದೂ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ನೌಕಾಸೇನೆಯ ಮೆರೈನ್ ಕಮಾಂಡೊಗಳನ್ನು ಸಿದ್ಧಗೊಳಿಸುವ ಕ್ರಮವನ್ನು ಅರಿತವರಿಗೆ ಈ ಭಾವನೆ ನಿಲ್ಲುವುದಿಲ್ಲ. 1987ರಲ್ಲಿ ರೂಪುಗೊಂಡ ಈ ದಳದ ಯೋಧನು ಗಾಳಿಯ ಪಾಠವನ್ನು ಆಗ್ರಾದಲ್ಲಿ ವಾಯುಸೇನೆ ನಡೆಸುವ ಪ್ಯಾರಾಟ್ರೂಪರ್ಸ್ ತರಬೇತಿ ಶಾಲೆಯಲ್ಲಿ ಕಲಿಯುತ್ತಾನೆ. ನೀರಿನ ಪಾಠಕ್ಕೆ ಕೊಚ್ಚಿಯಲ್ಲಿರುವ ನೌಕಾಸೇನೆಯ ಡೈವಿಂಗ್ ಶಾಲೆಗೆ ಬರುತ್ತಾನೆ. ಒಂದೇ ಜಿಗಿತದ ಪೂರ್ವಾರ್ಧವೂ ಉತ್ತರಾರ್ಧವೂ ಹೀಗೆ ಎರಡು ಊರುಗಳಲ್ಲಿ ಹಂಚಿಹೋಗಿವೆ. ಇವೆರಡರಲ್ಲಿ ಹೆಚ್ಚು ಕಠಿನವಾದುದು ಕೊಚ್ಚಿಯ ಪಾಠವೇ ಎಂದು ನಾನು ನಂಬಿದ್ದೇನೆ.

ಮೊದಲು ಬಟ್ಟೆಯ ವಿಚಾರ. ಕೊಡೆಯಿಲ್ಲದೆ ಮೈಚಾಚಿ ಬೀಳುವ ಮನುಷ್ಯನ ವೇಗ ಏರುತ್ತಾ ಹೋಗಿ, ಸೆಕೆಂಡಿಗೆ ಸುಮಾರು 55 ಮೀಟರ್ ಆದಾಗ ಅವನ ತೂಕಕ್ಕೂ ಗಾಳಿಯ ತಡೆಗೂ ಸಮತೋಲ ಒದಗಿ, ಅಲ್ಲಿಂದಾಚೆಗೆ ಅದು ಹೆಚ್ಚುವುದಿಲ್ಲ. ಗಾಳಿಯ ತಡೆಯಾದರೋ ಎದುರಾಗುವ ಮೈಯ ವಿಸ್ತಾರಕ್ಕೆ ತಕ್ಕಂತೆ ಹೆಚ್ಚುತ್ತದೆ. ವೇಗ ಇಮ್ಮಡಿಯಾದರೆ ತಡೆ ನಾಲ್ಮಡಿಯಾಗುತ್ತದೆ. ಆದುದರಿಂದ ತಲೆಯ ಮೇಲೆ ಹತ್ತಾರು ಚದರ ಮೀಟರಿನ ನೈಲಾನ್ ಅರಳಿತೆಂದರೆ, ಆ ಸಮತೋಲ ಸೆಕೆಂಡಿಗೆ 5ರಿಂದ 6 ಮೀಟರಿನ ವೇಗದಲ್ಲಿಯೇ ದೊರೆಯುತ್ತದೆ. ವೇಗವು ಹತ್ತರಲ್ಲೊಂದು ಪಾಲಾದಾಗ ಆಘಾತದ ಶಕ್ತಿ ನೂರರಲ್ಲೊಂದು ಪಾಲಿಗಿಳಿಯುವುದು ಈ ಯಂತ್ರದ ಮಹಿಮೆ. ಉಳಿದ ಆ ಒಂದು ಪಾಲು, ಒಂದೂವರೆ ಮೀಟರ್ ಎತ್ತರದ ಗೋಡೆಯಿಂದ ಹಾರಿದವನ ಕಾಲಿಗೆ ತಗಲುವ ಪೆಟ್ಟಿಗೆ ಸಮ. ಆದರೆ ವೇಗ ತಗ್ಗಿದರೆ ಸಾಲದು, ಕೊಡೆ ತೂಗಾಡದೆಯೂ ಇರಬೇಕು. 1797ರಲ್ಲಿ ಪ್ಯಾರಿಸ್ಸಿನ ಮೇಲೆ ಬಲೂನಿನಿಂದ ಇಳಿದ ಗಾರ್ನೆರಿನ್ನನ ಕೊಡೆ ಭಯಂಕರವಾಗಿ ತೂಗಾಡಿತು. ಒಳಗೆ ತುಂಬಿದ ಗಾಳಿಗೆ ಹೊರದಾರಿಯಿಲ್ಲದೆ ಅದು ಒಮ್ಮೆ ಈ ಅಂಚಿನಿಂದ, ಒಮ್ಮೆ ಆ ಅಂಚಿನಿಂದ ನುಗ್ಗಿದುದೇ ಅದಕ್ಕೆ ಕಾರಣ. ನೆತ್ತಿಯಲ್ಲಿ ಒಂದು ರಂಧ್ರವಿಟ್ಟು ಗಾಳಿಯನ್ನು ನೆಟ್ಟಗೆ ಮೇಲಕ್ಕೆ ಬಿಡುವ ಉಪಾಯ ಆಮೇಲೆ ಬಂದಿತು; ದುಂಡುಕೊಡೆಗಳಲ್ಲಿ ಅದು ಇಂದಿಗೂ ಇದೆ.

ನಮ್ಮ ದೇಶದಲ್ಲಿ ಈ ಶಿಕ್ಷಣ ಆರಂಭವಾದುದು 1941ರಲ್ಲಿ. ಆಗಲೇ ಜಿಗಿದ ಮೊದಲ ಭಾರತೀಯರಲ್ಲಿ ಒಬ್ಬರಾದ ಸೇನಾವೈದ್ಯ ಎ. ಜಿ. ರಂಗರಾಜ್ ಅವರು ಹತ್ತು ವರ್ಷಗಳ ತರುವಾಯ ಕೊರಿಯಾದ ಯುದ್ಧಭೂಮಿಯಲ್ಲಿ ತಮ್ಮ ವೈದ್ಯದಳದೊಡನೆ ಪ್ಯಾರಾಶೂಟಿನಿಂದಲೇ ಇಳಿದರು. ಆಗ್ರಾದ ಶಾಲೆಯಲ್ಲಿ, ರಾತ್ರಿಯದೊಂದೂ ಸೇರಿ, 5 ಜಿಗಿತಗಳನ್ನು ಪೂರೈಸಿದವನಿಗೆ ಎದೆಯ ಮೇಲೆ ರೆಕ್ಕೆಯ ಚಿಹ್ನೆ ಲಭಿಸುತ್ತದೆ. ಆ ಜಿಗಿತಗಳಿಗಿಂತ ಅವುಗಳ ಹಿಂದಿನ ದಿನಗಳು ದೀರ್ಘವಾದುವು. ಕಾಲುಗಳೆರಡನ್ನೂ ಜೋಡಿಸಿ, ಮಂಡಿಯನ್ನು ಕೊಂಚ ಬಾಗಿಸಿ, ಗಲ್ಲವನ್ನು ಎದೆಗೊತ್ತಿ, ನೆಲ ತಗಲಿದೊಡನೆ ಪಾದ, ಮೀನಖಂಡ, ತೊಡೆ, ಸೊಂಟ, ಬೆನ್ನಿನ ಪಕ್ಕ ಎಂಬ ಕ್ರಮದಲ್ಲಿ ಉರುಳಿ, ಒಂದೇ ಮೂಳೆ ಹೊರಬೇಕಾಗಿದ್ದ ಪೆಟ್ಟನ್ನು ಇಡೀ ದೇಹಕ್ಕೆ ಹಂಚುವುದನ್ನು, ಮನಸ್ಸು ಯೋಚಿಸುವುದಕ್ಕೆ ಮುಂಚೆ ಮೈ ಮಾಡಿ ಮುಗಿಸುವವರೆಗೆ ಅವನು ನೆಲದ ಮೇಲೆಯೇ ಅಭ್ಯಾಸ ಮಾಡುತ್ತಾನೆ. ಸಾವಿರ ಅಡಿಗಿಂತ ಸ್ವಲ್ಪ ಮೇಲಿನಿಂದ ಹಾರುವವನ ಕೊಡೆಯನ್ನು ಬಿಚ್ಚುವುದು ಅವನ ಕೈಯಲ್ಲ. ವಿಮಾನದೊಳಗಿನ ತಂತಿಗೆ ಸಿಕ್ಕಿಸಿದ ಪಟ್ಟಿಯೇ ಅದನ್ನು ಎಳೆದು ಬಿಚ್ಚುತ್ತದೆ. ಅದು ಅರಳದಿದ್ದರೆ ಎದೆಯ ಮೇಲಿರುವ ಎರಡನೆಯ ಕೊಡೆಯನ್ನು ತೆರೆಯಲು ಅವನಿಗಿರುವುದು ಕೆಲವೇ ಸೆಕೆಂಡುಗಳ ಅವಕಾಶ.

ಇಷ್ಟು ಕಲಿತವನು ಕಡಲಿಗೆ ಬಂದಾಗ, ಕಲಿತುದರಲ್ಲಿ ಅನೇಕವನ್ನು ಬದಿಗಿಡಬೇಕಾಗುತ್ತದೆ. ನೆಲದ ಮೇಲೆ ಮರ, ಪೊದೆ, ದಾರಿ, ದನಕರುಗಳ ಗಾತ್ರವನ್ನು ನೋಡಿ ಕಣ್ಣು ಎತ್ತರವನ್ನು ಊಹಿಸುತ್ತದೆ. ಶಾಂತವಾದ ಕಡಲಿನ ಮೇಲೆ ಅಂತಹ ಗುರುತೊಂದೂ ಇಲ್ಲದೆ, ನೂರು ಅಡಿ ಮೇಲಿರುವವನಿಗೂ ನೀರು ಕಾಲಿನ ಬುಡದಲ್ಲಿಯೇ ಇದ್ದಂತೆ ತೋರುವುದುಂಟು. ಹಾಗೆಂದು ಮೋಸಹೋಗಿ ಕೊಡೆಯ ಪಟ್ಟಿಗಳನ್ನು ಮೊದಲೇ ಕಳಚಿಕೊಂಡವನು ಕಲ್ಲಿನಂತೆ ಬೀಳುತ್ತಾನೆ. ಆದುದರಿಂದ ಪಾದಕ್ಕೆ ನೀರು ತಗಲುವ ತನಕ ಪಟ್ಟಿಯನ್ನು ಪೂರ್ತಿ ಬಿಡಬಾರದೆಂಬುದು ಮೊದಲನೆಯ ನಿಯಮ. ತಗಲಿದ ಮೇಲೆ ಬಿಡುವುದಕ್ಕೆ ತಡಮಾಡಬಾರದೆಂಬುದು ಎರಡನೆಯದು. ಏಕೆಂದರೆ ಗಾಳಿಯಿದ್ದರೆ ಅದೇ ಕೊಡೆ ಹಾಯಿಯಾಗಿ ಮಾರ್ಪಟ್ಟು ಅವನನ್ನು ಅಲೆಗಳ ನಡುವೆ ಎಳೆದೊಯ್ಯುತ್ತದೆ, ಗಾಳಿಯಿಲ್ಲದಿದ್ದರೆ ಅವನ ತಲೆಯ ಮೇಲೆಯೇ ಕುಸಿಯುತ್ತದೆ. ಒದ್ದೆಯಾದ ನೈಲಾನ್ ಮುಖಕ್ಕೆ ಅಂಟಿದರೆ ಉಸಿರಾಡಲು ಎಡೆಯಿರುವುದಿಲ್ಲ. ಆಗ ಅಂಗೈಯಿಂದ ಬಟ್ಟೆಯನ್ನು ಮೇಲೆತ್ತಿ ಗಾಳಿಗೆ ಸ್ವಲ್ಪ ಜಾಗ ಮಾಡಿಕೊಂಡು, ಒಂದು ಹೊಲಿಗೆಯನ್ನು ಹಿಡಿದು ಅದರ ಗುಂಟ ಅಂಚಿನವರೆಗೆ ಸಾಗಿ ಹೊರಬರಬೇಕು. ಗಾಬರಿಯಿಂದ ಕಾಲು ಬಡಿದವನ ಕಾಲಿಗೆ ಹತ್ತಾರು ಹಗ್ಗಗಳು ಸುತ್ತಿಕೊಳ್ಳುತ್ತವೆ. ಬೆನ್ನಿನ ಹೊರೆ ಅವನನ್ನು ಕೆಳಕ್ಕೆಳೆಯುತ್ತಿರುವಾಗ ಇವಿಷ್ಟನ್ನೂ ನಿಧಾನವಾಗಿ, ಕ್ರಮವಾಗಿ ಮಾಡಬೇಕಾದವನಿಗೆ ನೀರಿನೊಳಗೆ ಕಣ್ತೆರೆದು ಸಮಾಧಾನದಿಂದಿರುವುದು ಮೊದಲೇ ಅಭ್ಯಾಸವಾಗಿರಬೇಕಲ್ಲವೆ? ಕೊಚ್ಚಿಯ ಶಾಲೆ ಕೊಡುವುದು ಈ ಸಮಾಧಾನವನ್ನು. ಬಹುಕಾಲದ ಅನುಭವವಿದ್ದವರಿಗೂ ನೀರಿನ ಈ ಅಪಾಯ ತಪ್ಪಿದ್ದಲ್ಲ. 2025ರ ಜನವರಿಯಲ್ಲಿ ವಿಶಾಖಪಟ್ಟಣದ ಕಡಲತೀರದಲ್ಲಿ ನೌಕಾಸೇನೆಯ ಪ್ರದರ್ಶನಕ್ಕೆ ಪೂರ್ವಾಭ್ಯಾಸ ನಡೆಯುತ್ತಿದ್ದಾಗ ಇಬ್ಬರ ಕೊಡೆಗಳು ಗಾಳಿಯಲ್ಲಿಯೇ ಹೆಣೆದುಕೊಂಡು ಅವರು ನೀರಿಗೆ ಬಿದ್ದರು. ಕಾದಿದ್ದ ದೋಣಿ ಅವರನ್ನು ಎತ್ತಿಕೊಂಡಿತು.

ಬಹಳ ಎತ್ತರದಿಂದ ಗುಟ್ಟಾಗಿ ಇಳಿಯಬೇಕಾದವರು ದುಂಡುಕೊಡೆಯನ್ನು ಬಳಸುವುದಿಲ್ಲ. ಅವರ ಚೌಕಕೊಡೆಯ ಮುಂಬದಿಯ ಬಾಯಿಗಳಿಂದ ಗಾಳಿ ನುಗ್ಗಿ, ಬಟ್ಟೆ ರೆಕ್ಕೆಯ ಆಕಾರವನ್ನು ತಾಳಿ, ಒಂದು ಮೀಟರ್ ಇಳಿಯುವಷ್ಟರಲ್ಲಿ ಮೂರು ಮೀಟರಿನಷ್ಟು ಮುಂದಕ್ಕೆ ತೇಲುತ್ತದೆ. ಆ ಎತ್ತರದಲ್ಲಿ ಪ್ರಾಣವಾಯು ವಿರಳವಾದುದರಿಂದ ಮುಖವಾಡವೂ ಬೇಕು. 2025ರ ಅಕ್ಟೋಬರಿನಲ್ಲಿ ವಾಯುಸೇನೆಯ ಪರೀಕ್ಷಕರು 32,000 ಅಡಿ ಎತ್ತರದಿಂದ ಹಾರಿ ಪರೀಕ್ಷಿಸಿದ ಸ್ವದೇಶೀ ಕೊಡೆಯನ್ನು ನಿರ್ಮಿಸಿದುದು ರಕ್ಷಣಾ ಸಂಶೋಧನಾ ಸಂಸ್ಥೆಯ ಎರಡು ಪ್ರಯೋಗಾಲಯಗಳು. ಅವುಗಳಲ್ಲಿ ಒಂದು ಆಗ್ರಾದ್ದು, ಇನ್ನೊಂದು ನಮ್ಮ ಬೆಂಗಳೂರಿನದು. ಸೇನೆಯ ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರವೂ ಬೆಂಗಳೂರಿನಲ್ಲಿಯೇ ಇದೆಯೆಂಬುದು ಕನ್ನಡಿಗರು ಅಭಿಮಾನಪಡತಕ್ಕ ಸಂಗತಿ.

ಕೊಚ್ಚಿಯಿಂದ ದಕ್ಷಿಣಕ್ಕೆ, ತಿರುವನಂತಪುರದ ತುಂಬಾ ಎಂಬಲ್ಲಿ ಕಡಲಂಚಿನಲ್ಲಿರುವ ವಿಕ್ರಮ್ ಸಾರಾಭಾಯ್ ಬಾಹ್ಯಾಕಾಶ ಕೇಂದ್ರದಲ್ಲಿ ಇದೇ ವಿಜ್ಞಾನ ಬೃಹದಾಕಾರವನ್ನು ತಾಳಿದೆ. ಗಗನಯಾನದ ಯಾತ್ರಿಗಳನ್ನು ಹೊತ್ತ ಕೋಶವನ್ನು ಇಳಿಸುವುದಕ್ಕೆ 10 ಕೊಡೆಗಳು ಸರದಿಯಾಗಿ ಬಿಚ್ಚಿಕೊಳ್ಳಬೇಕು. ಕಡೆಯಲ್ಲಿ ಅರಳುವ ಮೂರು ದೊಡ್ಡವು. ಅವುಗಳಲ್ಲಿ ಒಂದು ಅರಳದಿದ್ದರೂ ಉಳಿದ ಎರಡು ಸಾಕೆಂಬುದನ್ನು ನಿಶ್ಚಯಿಸಲು ಈ ಕೇಂದ್ರದವರು 2022ರ ನವೆಂಬರ್ 18ರಂದು ಝಾನ್ಸಿಯ ಬಳಿಯ ಬಬೀನಾದಲ್ಲಿ 5 ಟನ್ ತೂಕವನ್ನು ಎರಡೂವರೆ ಕಿಲೋಮೀಟರ್ ಎತ್ತರದಿಂದ ಬೀಳಿಸಿದರು. ಅದನ್ನು ಹೊತ್ತೊಯ್ದುದು ಪ್ಯಾರಾಟ್ರೂಪರುಗಳನ್ನೂ ಹೊರುವ ಐಎಲ್-76 ವಿಮಾನ. ಬಟ್ಟೆ ಒಮ್ಮೆಗೇ ಅರಳಿದರೆ ಹಗ್ಗಗಳು ಹರಿಯುವಷ್ಟು ಜೋರಾದ ಜಗ್ಗಾಟ ಉಂಟಾಗುವುದರಿಂದ, ಅಂಚಿಗೆ ಹಗ್ಗ ಕಟ್ಟಿ ಮೊದಲು ಸ್ವಲ್ಪವೇ ತೆರೆಯಗೊಟ್ಟು, 7 ಸೆಕೆಂಡುಗಳಾದ ಮೇಲೆ ಆ ಹಗ್ಗವನ್ನು ಸಣ್ಣ ಸ್ಫೋಟದಿಂದ ಕತ್ತರಿಸುತ್ತಾರೆ.

ಇಷ್ಟೆಲ್ಲ ಆಗಿಯೂ ನೀರು ತನ್ನ ಸ್ವಭಾವವನ್ನು ತೋರಿಸದೆ ಬಿಡಲಿಲ್ಲ. 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟೆಯಿಂದ ಹಾರಿಸಿದ, ಯಾತ್ರಿಗಳಿಲ್ಲದ ಪರೀಕ್ಷಾ ಕೋಶವನ್ನು ಕೊಡೆಗಳು ಸುರಕ್ಷಿತವಾಗಿ ಇಳಿಸಿದವು. ಆದರೆ ನೌಕಾಸೇನೆಯವರು ತಲುಪಿದಾಗ ಅದು ಬಂಗಾಳ ಕೊಲ್ಲಿಯಲ್ಲಿ ಮಗುಚಿ ತೇಲುತ್ತಿತ್ತು. ಯಾತ್ರಿಗಳನ್ನು ಒಯ್ಯುವ ಕೋಶಕ್ಕೆ, ಮಗುಚಿದರೆ ಮರಳಿ ನೆಟ್ಟಗೆ ನಿಲ್ಲಿಸುವ ಗಾಳಿಚೀಲಗಳನ್ನು ಅಳವಡಿಸಬೇಕಾಗಿರುವುದು ಇದಕ್ಕಾಗಿಯೇ. ಅದನ್ನು ಕಡಲಿನಿಂದ ಎತ್ತುವ ಮೊದಲ ತಂಡ ಅದೇ ವರ್ಷ ಕೊಚ್ಚಿಯಲ್ಲಿ, ಕೃತಕ ಅಲೆಗಳನ್ನೂ ಕತ್ತಲೆಯನ್ನೂ ಸೃಷ್ಟಿಸಬಲ್ಲ ನೌಕಾಸೇನೆಯ ಜಲರಕ್ಷಣಾ ತರಬೇತಿ ಕೇಂದ್ರದಲ್ಲಿ ಎರಡು ವಾರಗಳ ಶಿಕ್ಷಣವನ್ನು ಮುಗಿಸಿತು. ಆ ತಂಡದಲ್ಲಿ ನೌಕಾಸೇನೆಯ ಮುಳುಗುಗಾರರೊಡನೆ ಮೆರೈನ್ ಕಮಾಂಡೊಗಳೂ ಇದ್ದರು.