ಹಳೆಯ ಗಾಡಿಯ ದೊಡ್ಡ ಸರ್ವಿಸ್

ಮಳೆಗಾಲಕ್ಕೆ ಮುನ್ನ ಬೋರ್ಡೋ ಹೊಡೆಯಬೇಕೆಂದು ಅಡಿಕೆ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಳೆರೋಗ ತಗುಲಿ ಉದುರಿದ ಕಾಯಿ ಮತ್ತೆ ಗೊನೆ ಸೇರುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ಆದರೆ ಅಂಗಳದಲ್ಲಿರುವ ಹಳೆಯ ಗಾಡಿಯ ವಿಷಯದಲ್ಲಿ ಈ ಮುಂಜಾಗ್ರತೆಯನ್ನು ನಾವು ಮರೆಯುತ್ತೇವೆ.

ನಮ್ಮಲ್ಲಿರುವುದು ಮಾರುತಿ ಓಮ್ನಿ. 1984ರಲ್ಲಿ ಬಂದ ಈ ಗಾಡಿಯ ತಯಾರಿಕೆ 2019ರಲ್ಲಿ ನಿಂತಿತಾದರೂ ಮಲೆನಾಡಿನಲ್ಲಿ ಗೊಬ್ಬರದ ಚೀಲ ಹೊರುವ ಓಮ್ನಿಗಳು ಇನ್ನೂ ಇವೆ. ನಮ್ಮದು ಒಂದು ಲಕ್ಷ ಕಿಲೋಮೀಟರ್ ಓಡಿದಾಗ ಟೈಮಿಂಗ್ ಬೆಲ್ಟ್ ಬದಲಾಯಿಸಲು ಮೆಕ್ಯಾನಿಕ್ ಹೇಳಿದ್ದರು. ಕೊಯ್ಲು ಮುಗಿಯಲಿ ಎಂದು ಮುಂದೂಡಿದೆವು. ಜುಲೈ ತಿಂಗಳ ಒಂದು ರಾತ್ರಿ ತಾಯಿಯವರನ್ನು ಆಸ್ಪತ್ರೆಗೆ ಒಯ್ಯುವಾಗ ಬೆಲ್ಟ್ ಹರಿದು ಗಾಡಿ ನಿಂತಿತು. ಬೇರೆ ಜೀಪು ಬರುವವರೆಗೆ ಒಂದೂವರೆ ಗಂಟೆ ಮಳೆಯಲ್ಲಿ ಕಾದೆವು. ತಾಯಿಯವರು ಚೇತರಿಸಿಕೊಂಡರು. ಆದರೆ ಆ ಒಂದೂವರೆ ಗಂಟೆಯನ್ನು ನಾವು ಮರೆತಿಲ್ಲ.

ಈಗ ಎರಡು ಲಕ್ಷ ಸಮೀಪಿಸಿದಾಗ ಬಂದ ಅಂದಾಜು ಹೀಗಿತ್ತು: ಟೈಮಿಂಗ್ ಬೆಲ್ಟ್, ಟೆನ್ಷನರ್, ಆಯಿಲ್ ಸೀಲುಗಳಿಗೆ 3,600 ರೂಪಾಯಿ, ಕ್ಲಚ್ ಸೆಟ್‌ಗೆ 6,200, ಬ್ರೇಕಿಗೆ 5,400, ಕೂಲಂಟ್, ಹೋಸು, ಪ್ಲಗ್ಗು, ಆಯಿಲ್‌ಗೆ 4,200. ಒಟ್ಟು 19,400. ಇಷ್ಟು ಹಳೆಯ ಗಾಡಿಗೆ ಇಷ್ಟು ಹಣವೇ ಎಂದು ಮನೆಯಲ್ಲಿ ಚರ್ಚೆಯಾಯಿತು. ಮಾರಿದರೆ ಎಷ್ಟು ಬಂದೀತು ಎಂಬುದಕ್ಕಿಂತ, ದಾರಿಯಲ್ಲಿ ನಿಂತರೆ ಎಷ್ಟು ಹೋದೀತು ಎಂದು ನೋಡುವುದೇ ಸರಿಯಾದ ಲೆಕ್ಕವೆಂದು ನಮಗೆ ತೋರಿತು.

ಎಲ್ಲವನ್ನೂ ಒಮ್ಮೆಗೇ ಮಾಡಿಸಲಾಗದಿದ್ದರೆ ಮೊದಲು ಬ್ರೇಕು, ನಂತರ ಬೆಲ್ಟು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹಾಗೆ ನೀರು ಸೇರಿದ ಆಯಿಲ್ ಘಾಟಿಯ ಇಳಿಜಾರಿನಲ್ಲಿ ಬ್ರೇಕು ಕಾದಾಗ ಕುದಿದು, ಪೆಡಲ್ ತುಳಿದರೂ ಹಿಡಿತ ಸಿಗದಂತಾಗಬಹುದು. ಬೆಲ್ಟ್ ಹೊರಗಿನಿಂದ ಕಾಣುವುದಿಲ್ಲ, ಸದ್ದು ಮಾಡಿ ಎಚ್ಚರಿಸುವುದೂ ಅಪರೂಪ. ಕೆಲವು ಇಂಜಿನ್‌ಗಳಲ್ಲಿ ಅದು ಹರಿದರೆ ಪಿಸ್ಟನ್ ವಾಲ್ವ್‌ಗೆ ಬಡಿದು ಇಂಜಿನ್ನೇ ಬಿಚ್ಚಬೇಕಾಗುತ್ತದೆ. ಕ್ಲಚ್ ಹಾಗಲ್ಲ, ಜಾರಲಾರಂಭಿಸಿ ಮುನ್ಸೂಚನೆ ಕೊಡುತ್ತದೆ.

ಇನ್ನೊಂದು ಮಾತು. ಒಂದೇ ಜಾಗ ಬಿಚ್ಚುವ ಕೆಲಸಗಳನ್ನು ಒಟ್ಟಿಗೆ ಮಾಡಿಸುವುದು ಲಾಭಕರ. ಕ್ಲಚ್‌ಗೆಂದು ಗೇರ್‌ಬಾಕ್ಸ್ ಇಳಿಸಿದಾಗಲೇ ಇಂಜಿನ್ನಿನ ಹಿಂದಿನ ಆಯಿಲ್ ಸೀಲನ್ನೂ ಹಾಕಿಸಿದರೆ ಎರಡನೆಯ ಸಲದ ಮಜೂರಿ ಉಳಿಯುತ್ತದೆ. ಬದಲಾಯಿಸಿದ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ.

ಆದರೆ ಹಣ ಹಾಕುವ ಮುನ್ನ ಗಾಡಿಯನ್ನು ಎತ್ತಿಸಿ ತಳದ ತಗಡನ್ನು ನೋಡತಕ್ಕದ್ದು. ತುಕ್ಕು ತಳವನ್ನೇ ತಿಂದಿದ್ದರೆ ಹೊಸ ಬೆಲ್ಟ್ ಹಾಕಿ ಫಲವಿಲ್ಲ. 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಬರುವ ನೋಂದಣಿ ನವೀಕರಣವನ್ನೂ ಲೆಕ್ಕಕ್ಕೆ ಹಿಡಿಯಬೇಕು. 2022ರ ಏಪ್ರಿಲ್ 1ರಂದು ಕಾರಿನ ಈ ಶುಲ್ಕವನ್ನು 600ರಿಂದ 5,000 ರೂಪಾಯಿಗೆ ಏರಿಸಲಾಯಿತು.

ತಿಂಗಳಿಗೆ 500 ರೂಪಾಯಿ ಎತ್ತಿಟ್ಟರೆ 39 ತಿಂಗಳಲ್ಲಿ 19,500 ಆಗುತ್ತದೆ. ನಾವು ಈ ತಿಂಗಳಿಂದ ಆರಂಭಿಸಿದ್ದೇವೆ. ಸದಸ್ಯ ಬಾಂಧವರೂ ತಮ್ಮ ಗಾಡಿಯ ಮೀಟರನ್ನೊಮ್ಮೆ ನೋಡಿ, ಮೇ ತಿಂಗಳೊಳಗೆ ಕೆಲಸ ಮುಗಿಸಿಕೊಳ್ಳುವುದು ಒಳಿತು.