ಶಾಸನ ಇಲ್ಲದ ಭಾಷೆಗೆ ಇತಿಹಾಸ ಎಲ್ಲಿಂದ?

ಹಳಗನ್ನಡದ ‘ಪಾಲ್’ ಇವತ್ತು ‘ಹಾಲು’ ಆಗಿದೆ. ಇದು ನಮಗೆ ಹೇಗೆ ಗೊತ್ತು? ಶಾಸನಗಳಿವೆ, ಹಳೆಯ ಕಾವ್ಯಗಳಿವೆ, ಪಕ್ಕದಲ್ಲೇ ಇನ್ನೂ ‘ಪಾಲ್’ ಅನ್ನೋ ತಮಿಳಿದೆ. ಇಂಥ ಆಧಾರಗಳೇ ಇಲ್ಲದ ಭಾಷೆಯ ಹಿಂದಿನ ರೂಪವನ್ನು ಹುಡುಕೋದು ಹೇಗೆ?

ಸೇರಿ ಅಂಥದ್ದೊಂದು ಭಾಷೆ. ಮೆಕ್ಸಿಕೋದ ಸೊನೋರಾ ರಾಜ್ಯದ ಕಡಲತೀರದಲ್ಲಿ ಸಾವಿರಕ್ಕೂ ಕಡಿಮೆ ಜನ ಇದನ್ನಾಡುತ್ತಾರೆ. ಇದಕ್ಕೆ ಖಚಿತವಾದ ಸೋದರ ಭಾಷೆ ಒಂದೂ ಸಿಕ್ಕಿಲ್ಲ. ಹಳೆಯ ದಾಖಲೆ ಅಂದರೆ 19ನೇ ಶತಮಾನದಲ್ಲಿ ಹೊರಗಿನವರು ಬರೆದುಕೊಂಡ ಪದಪಟ್ಟಿಗಳು, ಅಷ್ಟೇ.

ಮೊದಲು ಧ್ವನಿಗಳನ್ನು ನೋಡೋಣ. ಸ್ವರಗಳು ನಾಲ್ಕೇ ಬಗೆ: ಇ, ಎ, ಅ, ಒ. ಪ್ರತಿಯೊಂದಕ್ಕೂ ದೀರ್ಘವಿದೆ, ‘ಉ’ ಮಾತ್ರ ಇಲ್ಲ. ಪ, ತ, ಕ ಇವೆ. ಬ, ದ, ಗ ಇಲ್ಲ. ನಾಲಿಗೆಯನ್ನು ‘ಲ’ಕ್ಕೆ ಇಟ್ಟು, ಧ್ವನಿ ಹೊರಡಿಸದೆ ಬರೀ ಗಾಳಿ ಊದಿ ನೋಡಿ, ಅದೂ ಒಂದು ವ್ಯಂಜನ. ರೂಮಿನಲ್ಲಿ ಒಬ್ಬರೇ ಇದ್ದಾಗ ಪ್ರಯತ್ನಿಸಿದರೆ ಒಳ್ಳೇದು!

ಈಗ ಮಕಾರದ ಆಟ. ಸೇರಿ ಜನರಲ್ಲಿ ಒಬ್ಬ ವ್ಯಕ್ತಿಗೆ ‘ಕ್ಮೀಕೆ’ ಎನ್ನುತ್ತಾರೆ, ಬಹುವಚನ ‘ಕೊಮ್ಕಾಕ್’. ಆದರೆ ಬಾಯಲ್ಲಿ ಬರೋದು ಬೇರೆ. ಮೊದಲನೆಯದರಲ್ಲಿ ಕಕಾರದ ನಂತರದ ಮಕಾರ ಮೂಗಿನಲ್ಲಿ ಹೇಳಿದ ವಕಾರದಂತೆ ಕೇಳುತ್ತೆ. ಎರಡನೆಯದರಲ್ಲಿ ಅದು ಮುಂದಿನ ಕಕಾರಕ್ಕೆ ಹೊಂದಿಕೊಂಡು ಙಕಾರವಾಗುತ್ತೆ. ನಮ್ಮ ‘ಅಂಕ’, ‘ಅಂಬು’ಗಳಲ್ಲಿ ಒಂದೇ ಸೊನ್ನೆ ಎರಡು ಥರ ಉಚ್ಚಾರ ಆಗಲ್ವಾ, ಹಾಗೆ. ಎರಡೂ ರೂಪ ಪಕ್ಕಪಕ್ಕ ಇಟ್ಟರೆ ಮಾತ್ರ ಮೂಲದ ಮಕಾರ ಹೊಳೆಯುತ್ತೆ.

ಇನ್ನೂ ಸೋಜಿಗದ್ದು ಕರ್ಮಣಿ ಪ್ರಯೋಗ. ಧಾತು ಸ್ವರದಿಂದ ಶುರುವಾದರೆ ಅದರ ಹಿಂದೆ ‘ಪ್’ ಸೇರುತ್ತೆ. ವ್ಯಂಜನದಿಂದ ಶುರುವಾದರೆ ‘ಅ’ ಮತ್ತು ಗಂಟಲನ್ನು ಕ್ಷಣ ಮುಚ್ಚಿ ಬಿಡುವ ಸದ್ದು ಸೇರುತ್ತೆ. ಆದರೆ ಕೆಲವು ಧಾತುಗಳು ಕಿವಿಗೆ ಸ್ವರದಿಂದಲೇ ಶುರುವಾದರೂ ಎರಡನೇ ನಿಯಮವನ್ನೇ ಪಾಲಿಸುತ್ತವೆ! ಸ್ಟೀಫನ್ ಮಾರ್ಲೆಟ್ ಮತ್ತು ಜೋಸೆಫ್ ಸ್ಟೆಂಬರ್ಗರ್ 1983ರಲ್ಲಿ ಇದನ್ನು ‘ಖಾಲಿ ವ್ಯಂಜನ’ ಎಂದು ವಿವರಿಸಿದರು. ಅಲ್ಲೊಂದು ವ್ಯಂಜನ ಹಿಂದೆ ಇದ್ದು, ಸದ್ದು ಅಳಿದು, ಜಾಗ ಮಾತ್ರ ಉಳಿದಿರಬೇಕು ಅನ್ನೋದು ಸಹಜವಾದ ಊಹೆ. ಫೈಲ್ ಡಿಲೀಟ್ ಆದರೂ ಡೆಸ್ಕ್‌ಟಾಪ್‌ನಲ್ಲಿ ಶಾರ್ಟ್‌ಕಟ್ ಉಳಿದಿರುತ್ತಲ್ಲ, ಹಾಗೆ.

ಇಂಥ ಸುಳಿವುಗಳು ಕಲ್ಲಿನ ಮೇಲಿಲ್ಲ, ದಿನನಿತ್ಯದ ಮಾತಿನಲ್ಲಿವೆ. ಕನ್ನಡದ ಶಾಸನವನ್ನು ನಾಳೆಯೂ ಓದಬಹುದು. ಸೇರಿಗೆ ಅದನ್ನಾಡುವ ಮನೆಗಳೇ ಶಾಸನ. ಅಲ್ಲಿನ ಮಕ್ಕಳು ಮಾತು ಬಿಟ್ಟರೆ, ಈ ಇತಿಹಾಸವನ್ನು ಕೇಳಿಸಿಕೊಳ್ಳಲು ನಮಗೆ ಬೇರೆ ದಾರಿ ಹೆಚ್ಚಿಲ್ಲ.