ಆಸ್ಪತ್ರೆಯ ಪದಗಳನ್ನು ಬಿಡಿಸಿ ಓದುವುದು

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬರುವ ತರುಣ ತರುಣಿಯರಲ್ಲಿ ಕೆಲವರು ಆಸ್ಪತ್ರೆಗಳಲ್ಲಿ ಶುಶ್ರೂಷಾ ಸಹಾಯಕರ ತರಬೇತಿಗೆ ಸೇರಿದ್ದಾರೆ. ಹಿಂದೆ ವಾರ್ಡ್‌ಬಾಯ್, ಆಯಾ ಎನ್ನುತ್ತಿದ್ದ ಕೆಲಸದ ಒಂದು ಪಾಲಿಗೆ ಈಗ ಜನರಲ್ ಡ್ಯೂಟಿ ಅಸಿಸ್ಟಂಟ್ ಎಂಬ ಹೆಸರೂ ಪಾಠಕ್ರಮವೂ ಬಂದಿವೆ. ಮೈಮುರಿದು ದುಡಿಯುವುದಕ್ಕೆ ನಮ್ಮವರು ಅಂಜುವವರಲ್ಲ. ಅವರನ್ನು ಅಂಜಿಸುವುದು ಅಲ್ಲಿಯ ಮಾತು. 1845ರಲ್ಲಿ ತೆರೆದ ಭಾಯಖಳದ ಜೆ. ಜೆ. ಆಸ್ಪತ್ರೆಯಿರಲಿ, 1926ರಲ್ಲಿ ತೆರೆದ ಪರೇಲಿನ ಕೆ. ಇ. ಎಂ. ಇರಲಿ, ಉಪನಗರದ ಹತ್ತು ಹಾಸಿಗೆಯ ನರ್ಸಿಂಗ್ ಹೋಮ್ ಇರಲಿ, ರೋಗಿ ಮರಾಠಿಯಲ್ಲೋ ಹಿಂದಿಯಲ್ಲೋ ತನ್ನ ನೋವು ಹೇಳುತ್ತಾನೆ. ಡಾಕ್ಟರು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ನಡುವೆ ನಿಂತ ಸಹಾಯಕ ಕನ್ನಡದಲ್ಲೋ ತುಳುವಿನಲ್ಲೋ ಯೋಚಿಸುತ್ತಾನೆ. ಈ ನಡುವೆ ಒಂದಕ್ಷರ ಜಾರಿದರೂ ಅದರ ಫಲ ಉಣ್ಣುವವನು ರೋಗಿ.

ಗುಮಾಸ್ತ ಬಂಧುಗಳೂ ಇದನ್ನು ಓದಬೇಕೆಂದು ನಮ್ಮ ಕೋರಿಕೆ. ಮನೆಯಲ್ಲೊಬ್ಬರು ಆಸ್ಪತ್ರೆ ಸೇರಿದಾಗ ಕೇಸ್‌ಪೇಪರ್ ಹಿಡಿದು ಓಡಾಡುವವರು ಅವರೇ ತಾನೆ?

ಪದವನ್ನು ಕೊನೆಯಿಂದ ಓದಿರಿ

ವೈದ್ಯಕೀಯ ಪದಗಳಲ್ಲಿ ಬಹುಪಾಲು ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಿಂದ ಬಂದವು. ನೋಡುವುದಕ್ಕೆ ಉದ್ದವಾದರೂ ಅವು ನಾವು ಶಾಲೆಯಲ್ಲಿ ಕಲಿತ ಸಮಾಸಗಳ ಹಾಗೆ ಜೋಡಿಸಿದ ಪದಗಳು. ಮುಂದೆ ಉಪಸರ್ಗ, ನಡುವೆ ಅಂಗದ ಹೆಸರು, ಕೊನೆಗೆ ಪ್ರತ್ಯಯ. ಪ್ರತ್ಯಯವು ಏನಾಗಿದೆ ಎಂಬುದನ್ನೂ ನಡುವಿನ ಭಾಗವು ಎಲ್ಲಿ ಎಂಬುದನ್ನೂ ಹೇಳುತ್ತವೆ. ಆದ್ದರಿಂದ ಕೊನೆಯಿಂದ ಓದುವುದು ಸುಲಭ.

ಮಳೆಗಾಲದಲ್ಲಿ ಮುಂಬಯಿಯ ವಾರ್ಡುಗಳಲ್ಲಿ ಕೇಳುವ 'ಗ್ಯಾಸ್ಟ್ರೊಎಂಟರೈಟಿಸ್' ಎಂಬುದನ್ನೇ ನೋಡೋಣ. ಐಟಿಸ್ ಎಂದರೆ ಉರಿಯೂತ. ಎಂಟರ ಎಂದರೆ ಕರುಳು. ಗ್ಯಾಸ್ಟ್ರೊ ಎಂದರೆ ಜಠರ. ಜಠರಕ್ಕೂ ಕರುಳಿಗೂ ಉರಿಯೂತವಾಗಿ ವಾಂತಿಭೇದಿ ಆಗುತ್ತಿದೆ ಎಂದು ಅರ್ಥ. ಈ 'ಎಂಟರ'ವು ನಮ್ಮ 'ಆಂತ್ರ'ದ ದಾಯಾದಿ. ಗ್ರೀಕ್ ಮತ್ತು ಸಂಸ್ಕೃತಗಳು ಒಂದೇ ಮೂಲದ ಭಾಷೆಗಳಾದುದರಿಂದ ಕನ್ನಡ ಓದಿದವನಿಗೆ ಇಂತಹ ಗುರುತಿನ ಮುಖಗಳು ಬಹಳ ಸಿಗುತ್ತವೆ: ಆಸ್ಟಿಯೊ ಎಂದರೆ ಅಸ್ಥಿ, ಡೆಂಟ ಎಂದರೆ ದಂತ, ನೇಸ ಎಂದರೆ ನಾಸಿಕ. ಅನೀಮಿಯದ 'ಅನ್' ನಮ್ಮ ಅನಾರೋಗ್ಯದ 'ಅನ್' ತಾನೇ. 'ಡಿಸ್' ಎಂಬುದು ನಮ್ಮ ದುಸ್ತರ, ದುರ್ಬಲಗಳಲ್ಲಿರುವ 'ದುಸ್'.

2005ರ ಜುಲೈ 26ರ ಮಳೆಯನ್ನು ಕಂಡವರು ಇನ್ನೊಂದು ಪದವನ್ನು ಮರೆತಿರಲಾರರು. ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಬಿದ್ದು, ಊರೆಲ್ಲ ಕೊಳಕು ನೀರಿನಲ್ಲಿ ನಡೆದ ಮೇಲೆ 'ಲೆಪ್ಟೊಸ್ಪೈರೋಸಿಸ್' ಹರಡಿತು. ಲೆಪ್ಟೊ ಎಂದರೆ ತೆಳ್ಳಗಿನ, ಸ್ಪೈರ ಎಂದರೆ ಸುರುಳಿ, ಓಸಿಸ್ ಎಂದರೆ ರೋಗಸ್ಥಿತಿ. ತೆಳ್ಳಗಿನ ಸುರುಳಿಯಂತಹ ಕ್ರಿಮಿಯಿಂದ ಬಂದ ರೋಗವೆಂದಾಯಿತು. ಇಲಿಗಳ ಮೂತ್ರ ಬೆರೆತ ನೀರಿನಿಂದ, ಕಾಲಿನ ಗಾಯದ ಮೂಲಕ ಅದು ಮೈ ಸೇರುತ್ತದೆ.

ಕತ್ತರಿಸಿ ಇಟ್ಟುಕೊಳ್ಳತಕ್ಕ ಪಟ್ಟಿ

ಅಂಗಗಳು:
ಕಾರ್ಡಿಯ — ಹೃದಯ. ಹೆಪಟ — ಪಿತ್ತಜನಕಾಂಗ. ನೆಫ್ರ — ಮೂತ್ರಪಿಂಡ. ನ್ಯೂಮೊ — ಶ್ವಾಸಕೋಶ, ಗಾಳಿ. ನ್ಯೂರೊ — ನರ. ಡರ್ಮ — ಚರ್ಮ. ಆರ್ಥ್ರ — ಕೀಲು. ಹೀಮ — ರಕ್ತ. ಗ್ಲೈಕೊ, ಗ್ಲೈಸ — ಸಕ್ಕರೆ.

ಮುಂದೆ ಬರುವವು:
ಟ್ಯಾಕಿ — ವೇಗ. ಬ್ರಾಡಿ — ನಿಧಾನ. ಹೆಮಿ — ಅರ್ಧ. ಹೈಪರ್ — ಹೆಚ್ಚು. ಹೈಪೊ — ಕಡಿಮೆ.

ಕೊನೆಗೆ ಬರುವವು:
ಐಟಿಸ್ — ಉರಿಯೂತ. ಆಲ್ಜಿಯ — ನೋವು. ಈಮಿಯ — ರಕ್ತದಲ್ಲಿ. ಯೂರಿಯ — ಮೂತ್ರದಲ್ಲಿ. ಪ್ಲೀಜಿಯ — ಪಾರ್ಶ್ವವಾಯು. ಸ್ಕೋಪಿ — ಕೊಳವೆ ಇಳಿಸಿ ನೋಡುವುದು. ಎಕ್ಟಮಿ — ಕತ್ತರಿಸಿ ತೆಗೆಯುವುದು. ಆಟಮಿ — ಕೊಯ್ದು ತೆರೆಯುವುದು. ಆಸ್ಟಮಿ — ದ್ವಾರ ಮಾಡುವುದು.

ಈ ಎರಡು ಡಜನು ತುಂಡುಗಳನ್ನು ಕೂಡಿಸಿ ನೋಡಿರಿ. ಹೆಪಟೈಟಿಸ್, ನೆಫ್ರೆಕ್ಟಮಿ, ಹೀಮಟೂರಿಯ, ಆರ್ಥ್ರಾಲ್ಜಿಯ — ಎಲ್ಲವೂ ಬಾಯಿ ಬಿಡುತ್ತವೆ. ಅರ್ಥ ತಿಳಿದರೆ ಕೈಯ ಕೆಲಸವೂ ತಿಳಿಯುತ್ತದೆ. 'ಹೆಮಿಪ್ಲೀಜಿಯ' ಎಂದರೆ ಅರ್ಧ ಮೈಯ ಪಾರ್ಶ್ವವಾಯು. ಅಂತಹವರನ್ನು ಬಲಹೀನ ಕೈ ಹಿಡಿದು ಎಳೆದೆಬ್ಬಿಸಬಾರದು. ಅಂಗಿ ತೊಡಿಸುವಾಗ ಬಲಹೀನ ಕೈಗೆ ಮೊದಲು ತೊಡಿಸಬೇಕು. 'ಟ್ರೇಕಿಯಾಸ್ಟಮಿ' ಎಂದರೆ ಗಂಟಲ ಗಾಳಿಕೊಳವೆಗೆ ಮಾಡಿದ ದ್ವಾರ. ಆ ರೋಗಿ ಸಾಮಾನ್ಯವಾಗಿ ಕೂಗಿ ಕರೆಯಲಾರ. ಆದ್ದರಿಂದ ಕರೆಗಂಟೆ ಅವನ ಕೈಗೆ ಎಟುಕುವಂತೆ ಇದೆಯೇ ಎಂದು ನೋಡಿಯೇ ಮುಂದಿನ ಹಾಸಿಗೆಗೆ ಹೋಗಬೇಕು.

ಅವಳಿ ಪದಗಳ ಅಪಾಯ

ಕಿವಿಗೆ ಒಂದೇ ತೆರನಾಗಿ ಕೇಳಿ ಅರ್ಥದಲ್ಲಿ ಎದುರುಬದುರಾದ ಪದಗಳಲ್ಲಿ ಮೊದಲನೆಯವು ಹೈಪರ್ ಮತ್ತು ಹೈಪೊ. ಇವನ್ನು ನೆನಪಿಡಲು ನಮ್ಮಲ್ಲೇ ಉಪಾಯವಿದೆ. ಹೈಪರ್ ಎಂಬುದು ಸಂಸ್ಕೃತದ 'ಉಪರಿ'ಯ ನೆಂಟ, ಅಂದರೆ ಮೇಲೆ. ಹೈಪೊ ಎಂಬುದು 'ಉಪ'ದ ನೆಂಟ. ಉಪನಗರ, ಉಪಾಧ್ಯಕ್ಷರ 'ಉಪ', ಅಂದರೆ ಒಂದು ಮೆಟ್ಟಿಲು ಕೆಳಗೆ. ಹೈಪರ್‌ಗ್ಲೈಸೀಮಿಯದಲ್ಲಿ ರಕ್ತದ ಸಕ್ಕರೆ ಏರಿದೆ, ಹೈಪೊಗ್ಲೈಸೀಮಿಯದಲ್ಲಿ ಇಳಿದಿದೆ. 100 ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ 70 ಮಿಲಿಗ್ರಾಮಿಗಿಂತ ಕಡಿಮೆಯಾದರೆ ರೋಗಿ ಬೆವರಿ, ನಡುಗಿ, ತಡವರಿಸಿ, ಎಚ್ಚರ ತಪ್ಪಬಹುದು. ಅವನಿಗೆ ಆಗ ಬೇಕಾದುದು ಸಕ್ಕರೆ. ಹೈಪರ್ ಎಂದು ತಪ್ಪು ಸುದ್ದಿ ಮುಟ್ಟಿ ಇನ್ಸುಲಿನ್ ಹೋದರೆ ಪ್ರಾಣಕ್ಕೇ ಸಂಚಕಾರ.

ಎರಡನೆಯ ಅವಳಿ ಇನ್ನೂ ಮೋಸದ್ದು. 'ಡಿಸ್ಫೇಜಿಯ' ಎಂದರೆ ನುಂಗಲು ಕಷ್ಟ. 'ಡಿಸ್ಫೇಸಿಯ' ಎಂದರೆ ಮಾತಿನ ಕಷ್ಟ. ಪಾರ್ಶ್ವವಾಯು ಬಡಿದವರಲ್ಲಿ ಎರಡೂ ಕಾಣುತ್ತವೆ. ಮಾತು ತೊದಲುವವನಿಗೆ ತಾಳ್ಮೆಯಿಂದ ಕಿವಿಗೊಟ್ಟರೆ ಸಾಕಾದೀತು. ನುಂಗಲಾರದವನಿಗೆ ಕನಿಕರದಿಂದ ಒಂದು ಲೋಟ ನೀರು ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ತರಬಹುದು. ಒಂದು ಜಕಾರ, ಒಂದು ಸಕಾರ, ಇಷ್ಟೇ ಅಂತರ.

ಮೊಟಕು ಅಕ್ಷರಗಳು

ಓ.ಡಿ. ಎಂದರೆ ದಿನಕ್ಕೊಮ್ಮೆ, ಬಿ.ಡಿ. ಎಂದರೆ ಎರಡು ಸಲ, ಟಿ.ಡಿ.ಎಸ್. ಎಂದರೆ ಮೂರು ಸಲ. ಎಚ್.ಎಸ್. ಮಲಗುವ ಹೊತ್ತಿಗೆ. ಎಸ್.ಓ.ಎಸ್. ಅಗತ್ಯ ಬಿದ್ದರೆ. ಸ್ಟ್ಯಾಟ್ ಎಂದರೆ ಈಗಿಂದೀಗ. ಆದರೆ ಕಣ್ಣಿನ ವಿಭಾಗದಲ್ಲಿ ಓ.ಡಿ. ಎಂದರೆ ಬಲಗಣ್ಣು! ಅದಕ್ಕಾಗಿಯೇ ಮೊಟಕು ಅಕ್ಷರವನ್ನು ಊಹಿಸಿ ಓದಬಾರದು.

ಎನ್.ಬಿ.ಎಂ. ಎಂಬ ಚೀಟಿ ಹಾಸಿಗೆಗೆ ಕಟ್ಟಿದ್ದರೆ ಬಾಯಿಂದ ಏನನ್ನೂ ಕೊಡಬಾರದು. ನಮ್ಮವರಿಗೆ ಇದನ್ನು ಒತ್ತಿ ಹೇಳಬೇಕಾಗಿದೆ. ಹೋಟೆಲಿನ ಸಂಸ್ಕಾರದಲ್ಲಿ ಬೆಳೆದವರು ನಾವು. ಬಾಡಿದ ಮುಖ ಕಂಡರೆ ಅರ್ಧ ಕಪ್ ಚಹಾ ಮುಂದಿಡುವುದು ನಮ್ಮ ಕೈಯ ಗುಣ. ಶಸ್ತ್ರಚಿಕಿತ್ಸೆಗೆ ಮುಂಚೆ ಆ ಅರ್ಧ ಕಪ್ ಕುಡಿದವನಿಗೆ ಅರಿವಳಿಕೆ ಕೊಟ್ಟಾಗ, ಹೊಟ್ಟೆಯಲ್ಲಿದ್ದುದು ಮೇಲೆ ಬಂದು ಶ್ವಾಸಕೋಶ ಸೇರಬಹುದು. ಕೊಟ್ಟದ್ದೇ ಆದರೆ ಮುಚ್ಚಿಡದೆ ಆ ಕ್ಷಣವೇ ಸಿಸ್ಟರಿಗೆ ತಿಳಿಸಬೇಕು.

ಬರಹದ ಮೋಸ ಡಾಕ್ಟರುಗಳಿಗೂ ಗೊತ್ತಿದೆ. ಇನ್ಸುಲಿನ್ನಿನ ಯೂನಿಟ್ ಎಂಬುದಕ್ಕೆ ಇಂಗ್ಲಿಷಿನ 'ಯು' ಅಕ್ಷರ ಮಾತ್ರ ಬರೆದರೆ ಅದು ಸೊನ್ನೆಯಂತೆ ಕಂಡು 10 ಎಂಬುದು 100 ಆದೀತೆಂದು, ಅಮೆರಿಕದ ಜಾಯಿಂಟ್ ಕಮಿಷನ್ ಸಂಸ್ಥೆ 2004ರಲ್ಲಿ ಅದನ್ನು ಬಳಸಬಾರದ ಅಕ್ಷರಗಳ ಪಟ್ಟಿಗೆ ಸೇರಿಸಿತು. ನಮ್ಮ ದೇಶದಲ್ಲಿ ಔಷಧದ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ಮಾಡಿತು. ಬರೆಯುವವರಿಗೇ ಇಷ್ಟು ಎಚ್ಚರಿಕೆ ಬೇಕಾದರೆ ಓದುವವನು ಕೇಳುವುದರಲ್ಲಿ ನಾಚಿಕೆಯೇನು?

ರೋಗಿಯ ಮಾತು ರೋಗಿಯದೇ ಆಗಿರಲಿ

ಮರಾಠಿಯ 'ತಾಪ' ಎಂದರೆ ಜ್ವರ, ನಮ್ಮ ಪರಿತಾಪವಲ್ಲ. 'ಲಘವಿ' ಎಂದರೆ ಮೂತ್ರ, 'ಜುಲಾಬ' ಎಂದರೆ ಭೇದಿ, 'ಕಾವೀಳ' ಎಂದರೆ ಕಾಮಾಲೆ, 'ದಮ ಲಾಗತೋ' ಎಂದರೆ ಉಸಿರು ಕಟ್ಟುತ್ತದೆ. ನಮ್ಮ ಕಡೆಯ ಅಜ್ಜಿಯೊಬ್ಬಳು 'ಸಂಕಟವಾಗುತ್ತದೆ' ಎಂದರೆ ವಾಂತಿ ಬರುವ ಹಾಗಾಗುವುದೂ ಹೌದು, ಎದೆ ಹಿಂಡಿದ ಹಾಗಾಗುವುದೂ ಹೌದು. ಆಗ ಎಲ್ಲಿ, ಎಂದಿನಿಂದ, ಹೇಗೆ ಎಂದು ಕೇಳಿ, ಅವಳ ಮಾತನ್ನೇ ಸಿಸ್ಟರಿಗೆ ಮುಟ್ಟಿಸಬೇಕು. ರೋಗದ ಹೆಸರಿಡುವುದು ಡಾಕ್ಟರರ ಕೆಲಸ. 'ಗ್ಯಾಸ್ ಆಗಿದೆ' ಎಂದು ಸಹಾಯಕನೇ ತೀರ್ಪು ಕೊಟ್ಟರೆ ಹೃದಯಾಘಾತ ಕಣ್ಣು ತಪ್ಪಿಸಿಕೊಂಡೀತು.

ಮಲಮೂತ್ರಗಳ ಮಾತಾಡಲು ಸಂಕೋಚ ಪಡುವವರೂ ಇದ್ದಾರೆ. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನ ಅವರು 'ತಾಯಿ-ಮಗು'ವಿನಂತಹ ಪುಸ್ತಕಗಳಲ್ಲಿ ದೇಹದ ವಿಷಯಗಳನ್ನು ಮನೆಮಾತಿನಲ್ಲಿ ನೇರವಾಗಿ ಹೇಳಿದ್ದಾರೆ. ಮೂತ್ರ ಕೆಂಪಾಗಿತ್ತೆಂಬ ಒಂದು ಮಾತು ಸಮಯಕ್ಕೆ ಮುಟ್ಟಿದರೆ ರೋಗಿಗೆ ಅದೇ ಉಪಕಾರ.

ಕೊನೆಯದಾಗಿ ಒಂದು ರೂಢಿಯನ್ನು ಸೂಚಿಸುತ್ತೇವೆ. ಸಿಸ್ಟರು ಹೇಳಿದ್ದನ್ನು ಅವರೆದುರೇ ತಿರುಗಿ ಹೇಳಿರಿ: 'ಏಳನೆಯ ಹಾಸಿಗೆ, ನುಂಗಲು ಕಷ್ಟ, ಬಾಯಿಂದ ನೀರು ಬೇಡ, ಅಲ್ಲವೇ?' ಎಂದು. ಇದಕ್ಕೆ ಅರ್ಧ ನಿಮಿಷ ಸಾಲದೆ ಹೋಗದು. ಜೇಬಿನಲ್ಲೊಂದು ಸಣ್ಣ ಪುಸ್ತಕವಿಟ್ಟು ದಿನಕ್ಕೆ ಐದು ಪದಗಳನ್ನು ಕನ್ನಡದ ಅರ್ಥದೊಡನೆ ಬರೆದುಕೊಂಡರೆ ತಿಂಗಳಿಗೆ ನೂರೈವತ್ತಾಗುತ್ತವೆ. ಭಾಗ ಬಿಡಿಸಲಾಗದ ಪದ ಸಿಕ್ಕಿದರೆ ವಾಚನಾಲಯಕ್ಕೆ ತನ್ನಿರಿ. ನಿಘಂಟು ಮೇಜಿನ ಮೇಲೆಯೇ ಇರುತ್ತದೆ, ಕೂಡಿ ನೋಡೋಣ.